ಘಾನಾಕ್ಕೆ ಹೊರಟಿದ್ದೀರಾ? ಮೊದಲು ಹಳದಿ ಕಾರ್ಡಿನ ತಾರೀಖು ನೋಡಿ

ವೀಸಾ ಬಂದಿತ್ತು, ಟಿಕೆಟ್ ಆಗಿತ್ತು, ಸೂಟ್‌ಕೇಸೂ ತುಂಬಿತ್ತು. ಆದರೂ ನನ್ನನ್ನು ವಿಮಾನ ಹತ್ತಲು ಬಿಡಲಿಲ್ಲ. ತಪ್ಪು ಪೂರ್ತಿ ನನ್ನದೇ.

ಘಾನಾಕ್ಕೆ ಹೋಗಬೇಕಾದರೆ ಹಳದಿ ಜ್ವರದ ಲಸಿಕೆ ಹಾಕಿಸಿದ ಕಾರ್ಡ್ ಬೇಕೇ ಬೇಕು. ಅಷ್ಟು ಗೊತ್ತಿತ್ತು. ಸೂಜಿ ಚುಚ್ಚಿಸಿಕೊಂಡು 10 ದಿನ ಕಳೆದ ಮೇಲೆಯೇ ಆ ಕಾರ್ಡ್ ನಡೆಯುವುದು ಅಂತ ಗೊತ್ತಿರಲಿಲ್ಲ. ಬೆಂಗಳೂರು ಏರ್‌ಪೋರ್ಟಿನ ಕೌಂಟರಿನಲ್ಲಿದ್ದ ಹುಡುಗಿ ಕಾರ್ಡ್ ಬಿಡಿಸಿ, ಬೆರಳು ಮಡಚುತ್ತಾ ಎಣಿಸಿದಳು. ಆರಕ್ಕೆ ನಿಂತಳು. "ಇನ್ನೂ ನಾಲ್ಕು ದಿನ ಬೇಕು ಸರ್."

ಟಿಕೆಟ್ ದಿನ ಬದಲಿಸಲು ಸುಮ್ನೆ 31 ಸಾವಿರ ದಂಡ. 1482ರಲ್ಲಿ ಪೋರ್ಚುಗೀಸರು ಕಟ್ಟಲು ಶುರುಮಾಡಿದ ಎಲ್ಮಿನಾ ಕೋಟೆ ನೋಡಬೇಕು ಅಂತಲೇ ಹೊರಟವನು ನಾನು. ನಾಲ್ಕು ದಿನ ಹೋಯಿತಲ್ಲ, ರಾಜಧಾನಿ ಅಕ್ರಾ ಬಿಟ್ಟು ಎಲ್ಲೂ ಹೋಗಲಾಗಲಿಲ್ಲ.

ಈ ಲಸಿಕೆ ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ಸರ್ಕಾರ ಒಪ್ಪಿದ ಕೆಲವೇ ಕೇಂದ್ರಗಳಲ್ಲಿ, ಅದೂ ಗೊತ್ತುಮಾಡಿದ ದಿನ ಹಾಕುತ್ತಾರೆ. ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಮದ್ದು ಇರುತ್ತದೆ, ತೆರೆದರೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ಹಾಗಾಗಿ ಟಿಕೆಟ್‌ಗೂ ಮೊದಲು ಇದರ ದಿನ ಗೊತ್ತುಮಾಡಿಕೊಳ್ಳಿ. ಅರವತ್ತು ದಾಟಿದವರು, ಮೊಟ್ಟೆ ಒಗ್ಗದವರು ಡಾಕ್ಟರನ್ನು ಕೇಳಿಯೇ ಹಾಕಿಸಿಕೊಳ್ಳಿ. ಒಂದು ಸಲ ಹಾಕಿಸಿದರೆ ಜೀವನಪೂರ್ತಿ ಸಾಕು. ಹತ್ತು ವರ್ಷಕ್ಕೊಮ್ಮೆ ಅನ್ನುವ ನಿಯಮ 2016ಕ್ಕೇ ಹೋಯಿತು.

ಅಕ್ರಾದಲ್ಲಿ ಇನ್ನೊಂದು ಎಡವಟ್ಟು. ಬಲಗೈಯಲ್ಲಿ ಚೀಲ ಇತ್ತು ಅಂತ ವಾಚೆ ಮಾರುವಾಕೆಗೆ ಎಡಗೈಯಲ್ಲಿ ಸೇಡಿ (ಅಲ್ಲಿನ ಹಣ) ನೋಟು ಚಾಚಿದೆ. ಆಕೆ ಕೈ ಹಿಂದೆಳೆದುಕೊಂಡು ನನ್ನ ಮುಖ ನೋಡಿದಳು. ನಮ್ಮಜ್ಜಿಯೂ ಇದಕ್ಕೇ ಬೈಯುತ್ತಿದ್ದದ್ದು, ಅಲ್ವಾ! ವಾಚೆ ಅಂದರೆ ಅಲಸಂದೆ ಹಾಕಿ ಬೇಯಿಸಿದ ಅನ್ನ. ಸಸ್ಯಾಹಾರಿಗಳೇ, ಮೇಲೆ ಹಾಕುವ ಕಪ್ಪು ಖಾರ ಶಿಟೋ ಬೇಡ ಅನ್ನಿ. ಅದರಲ್ಲಿ ಒಣಮೀನು, ಸಿಗಡಿ ಇರುತ್ತದೆ.

ವಾಪಸ್ ಬರುವಾಗಲೂ ಕಾರ್ಡ್ ಕೈಯಲ್ಲೇ ಇರಲಿ. ನಮ್ಮ ದೇಶದಲ್ಲಿ ಈ ಜ್ವರ ಇಲ್ಲ. ಆದರೆ ಇದನ್ನು ಹರಡುವ ಸೊಳ್ಳೆ ಬೇಕಾದಷ್ಟಿದೆ, ಡೆಂಗ್ಯೂ ತರುವುದೂ ಅದೇ. ಅದಕ್ಕೇ ಕಾರ್ಡ್ ಇಲ್ಲದವರನ್ನು ಆರು ದಿನದವರೆಗೂ ಬೇರೆ ಇಡಬಹುದು. ನನ್ನ ಹಿಂದಿದ್ದವರು ಕಾರ್ಡನ್ನು ಲಗೇಜಿಗೆ ಹಾಕಿಬಿಟ್ಟಿದ್ದರು. ನಾನು ಎರಡು ನಿಮಿಷದಲ್ಲಿ ಹೊರಬಂದೆ. ತಿರುಗಿ ನೋಡಿದರೆ ಅವರಿನ್ನೂ ಬೆಂಚಿನ ಮೇಲೇ ಕೂತಿದ್ದರು.