ನಮ್ಮೂರ ಸರ್ಕಾರಿ ಪ್ರೈಮರಿ ಶಾಲೆ: ಓದೋದು ಹೇಗೆ ಕಲಿಸ್ತಾರೆ, ಒಂದು ರಿವ್ಯೂ

ಮಗಳು ಈಗ ಮೂರನೇ ಕ್ಲಾಸು, ಮೊದಲಿಂದ್ಲೂ ಇದೇ ಶಾಲೆ. ಸೇರಿಸ್ಬೇಕಾ ಬೇಡ್ವಾ ಅಂತ ಕೇಳೋರು ಜಾಸ್ತಿ ಆಗಿದಾರೆ, ಅದ್ಕೆ ಓದೋ ವಿಷಯ ಮಾತ್ರ ಹೇಳ್ತೀನಿ, ಬಿಸಿಯೂಟ ಕಾಂಪೌಂಡು ಬಗ್ಗೆ ಬೇರೆಯವ್ರು ಬರೀಲಿ.

ಇಲ್ಲಿ ಒಂದ್ರಿಂದ ಮೂರನೇ ಕ್ಲಾಸಿನವರೆಗೂ ನಲಿ-ಕಲಿ, ಅಂದ್ರೆ ಕಾರ್ಡ್ ಇಟ್ಕೊಂಡು ಚಟುವಟಿಕೆ ಮಾಡ್ತಾ ಅವರವರ ವೇಗದಲ್ಲಿ ಕಲಿಯೋ ಪದ್ಧತಿ. 1995ರಲ್ಲಿ ಎಚ್.ಡಿ. ಕೋಟೆ ಕಡೆ ಶುರುವಾಗಿ 2009-10ರಲ್ಲಿ ರಾಜ್ಯದ ಕನ್ನಡ ಮೀಡಿಯಂ ಸರ್ಕಾರಿ ಶಾಲೆಗಳಿಗೆಲ್ಲಾ ಬಂದಿದ್ದು. ಮೂರೂ ಕ್ಲಾಸಿನ ಮಕ್ಳು ಒಂದೇ ರೂಮಲ್ಲಿ ಗುಂಪು ಗುಂಪಾಗಿ ನೆಲದ ಮೇಲೆ ಕೂತು ಅವರವರ ಕಾರ್ಡ್ ತಗೊಂಡು ಕಲಿಕಾ ಏಣಿ (ಯಾವ ಕಾರ್ಡ್ ಆದ್ಮೇಲೆ ಯಾವ್ದು ಅಂತ ಮೆಟ್ಟಿಲು ಮೆಟ್ಟಿಲಾಗಿ ತೋರ್ಸೋ ಪಟ್ಟಿ) ಹತ್ಕೊಂಡು ಹೋಗ್ತಾರೆ. ಮೊದಲ ಸಲ ನೋಡಿದ್ರೆ ಸಂತೆ ಅನ್ಸುತ್ತೆ, ಗಾಬರಿ ಬೇಡ.

ನಂಗೆ ತುಂಬಾ ಹಿಡಿಸಿದ್ದು ಅಕ್ಷರ ಕಲಿಸೋ ಕ್ರಮ. ಅ ಆ ಇ ಈ ಅಂತ ಶುರು ಮಾಡಲ್ಲ, ರ ಗ ಸ ದ ಅ ಅಂತ ಶುರು ಮಾಡ್ತಾರೆ. ಸ್ವರ ಅಷ್ಟೂ ಬಾಯಿಪಾಠ ಆದ್ರೂ ಓದಕ್ಕೆ ಒಂದು ನೆಟ್ಟಗಿನ ಪದ ಸಿಗಲ್ಲ, ಆದ್ರೆ ಈ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ದರ, ಗರಗಸ ಎಲ್ಲಾ ಬರುತ್ತೆ ನೋಡಿ. ನಮ್ಮವಳು ಗರಗಸ ಅಂತ ತಾನೇ ಕೂಡಿಸಿ ಓದಿದ ದಿನ ಸಂಜೆ ಮರಗೆಲಸದವ್ರ ಅಂಗಡಿಗೆ ಎಳ್ಕೊಂಡು ಹೋಗಿ ಯಾವ್ದು ಗರಗಸ ತೋರ್ಸಿ ಅಂತ ಹಟ. ಒಂದೇ ತೊಂದ್ರೆ, ಮನೆಗೆ ಬಂದ ನೆಂಟರು ಅ ಆ ಇ ಈ ಹೇಳು ಪುಟ್ಟಿ ಅಂದ್ರೆ ಬೆಬ್ಬೆಬ್ಬೆ ಅಂತಾಳೆ, ಏನೂ ಕಲಿಸಿಲ್ಲ ನಿಮ್ ಸ್ಕೂಲಲ್ಲಿ ಅಂತ ಮಾತು ಕೇಳ್ಬೇಕು. ಕೇಳಿಸ್ಕೊಳ್ಳಿ, ಬಿಡಿ.

ಎಡವೋದು ಒತ್ತಕ್ಷರದಲ್ಲಿ, ಅದ್ರಲ್ಲೂ ಅರ್ಕಾವೊತ್ತು. ಸೂರ್ಯನ್ನ ಸೂಯ್ರ ಅಂತಾನೇ ಎಷ್ಟೋ ದಿನ ಓದಿದ್ಲು, ಆ ಗುರುತನ್ನ ಬರೆಯೋದು ಅಕ್ಷರ ಆದ್ಮೇಲೆ, ಓದೋದು ಅಕ್ಷರಕ್ಕಿಂತ ಮೊದ್ಲು ಅಂದ್ರೆ ಮಕ್ಳಿಗೆ ತಲೆ ಕೆಡ್ದೇ ಇರುತ್ತಾ. ಇದಕ್ಕೆ ಟೀಚರ್ ಪಕ್ಕದಲ್ಲೇ ಕೂತು ಹೇಳ್ಕೊಡ್ಬೇಕು, ಆದ್ರೆ ಮೂರು ಕ್ಲಾಸಿಗೂ ಒಬ್ರೇ ಮೇಡಂ, ಅದ್ರ ಮೇಲೆ ಸರ್ವೆ, ಟ್ರೈನಿಂಗು, ಆನ್‌ಲೈನ್ ಎಂಟ್ರಿ. ಅವ್ರು ಇಲ್ಲದ ದಿನ ಕಾರ್ಡುಗಳು ಟ್ರೇ ಒಳಗೇ ಇರ್ತವೆ.

ಇನ್ನು ಲೈಬ್ರರಿ. ಪುಸ್ತಕ ಇದೆ, ಬೀರುನಲ್ಲಿದೆ, ಬೀರುಗೆ ಬೀಗ ಇದೆ. ಹರಿದ್ರೆ ಕಳೆದ್ರೆ ಲೆಕ್ಕ ಯಾರು ಕೊಡೋದು ಅಂತ ಮೇಷ್ಟ್ರಿಗೆ ಭಯ, ಅದೂ ಸುಳ್ಳಲ್ಲ. ಹೋದ ವರ್ಷದಿಂದ ಮೇಡಮ್ಮೇ ಒಂದಿಷ್ಟು ತೆಳ್ಳನೆ ಚಿತ್ರದ ಪುಸ್ತಕ ಹೊರಗೆ ತೆಗೆದು ಕ್ಲಾಸಲ್ಲಿ ದಾರಕ್ಕೆ ಕ್ಲಿಪ್ ಹಾಕಿ ನೇತಾಕಿದಾರೆ. ಕಥೆ ಜೋರಾಗಿ ಓದ್ತಾ ಓದ್ತಾ ಸರಿಯಾಗಿ ಮಜಾ ಬರೋ ಕಡೆ ನಿಲ್ಲಿಸಿ ಪುಸ್ತಕ ವಾಪಸ್ ದಾರಕ್ಕೆ ಸಿಕ್ಕಿಸಿ ಲೆಕ್ಕ ಶುರು ಮಾಡ್ಬಿಡ್ತಾರಂತೆ, ಊಟದ ಬೆಲ್ ಹೊಡೆದ್ರೆ ಆ ಪುಸ್ತಕಕ್ಕೆ ಕಿತ್ತಾಟ. ಕಾರ್ಡಿಂದ ಅಕ್ಷರ ಬಂತು ನಿಜ, ಆದ್ರೆ ಓದೋ ಚಟ ಹತ್ತಿದ್ದು ಈ ದಾರದಿಂದ್ಲೇ ಅಂತ ನಾನಂತೂ ಹೇಳ್ತೀನಿ.

ಬೀರು ತೆಗೆಯಲ್ಲ ಅಂತ ಕೊರಗೋರು ಪಂಚಾಯ್ತಿ ಲೈಬ್ರರಿಗೆ ಕಳಿಸಿ, ಓದುವ ಬೆಳಕು ಅಂತ 2020ರಿಂದ 6ರಿಂದ 18 ವರ್ಷದ ಮಕ್ಳಿಗೆ ಮೆಂಬರ್‌ಶಿಪ್ ಫ್ರೀ. ಫೋನಲ್ಲಿ ಸ್ಟೋರಿವೀವರ್ ಇದೆ, ಪ್ರಥಮ್ ಬುಕ್ಸ್‌ನೋರದ್ದು, ಕನ್ನಡ ಕಥೆಗಳು ದುಡ್ಡಿಲ್ದೇ ಸಿಗ್ತವೆ, ಲೆವೆಲ್ ಹಾಕಿರ್ತಾರೆ, ಒಂದನೇ ಲೆವೆಲ್ಲಿಂದ ಶುರು ಮಾಡಿ.

ನಾಲ್ಕನೇ ಕ್ಲಾಸಲ್ಲಿ ಕಾರ್ಡು ಏಣಿ ಎಲ್ಲಾ ಮುಗೀತು, ಪಠ್ಯಪುಸ್ತಕ, ಪ್ರಶ್ನೋತ್ತರ ಕಾಪಿ. ಪಕ್ಕದ ಮನೆ ಹುಡುಗ ಮೂರರವರೆಗೂ ಚೆನ್ನಾಗೇ ಓದ್ತಿದ್ದ, ಅಲ್ಲಿ ಹೋಗಿ ಗೈಡ್ ನೋಡ್ಕೊಂಡು ಬರೆಯಕ್ಕೆ ಶುರು ಮಾಡಿದಾನೆ. ಇದನ್ನ ಹೆಡ್ ಮೇಷ್ಟ್ರಿಗೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗಲ್ಲಿ ಹೇಳಿದೀವಿ, ನೋಡೋಣ ಅಂದಿದಾರೆ.

ಸ್ಟಾರ್ ಕೊಡೋದಾದ್ರೆ ನಲಿ-ಕಲಿಗೆ ನಾಲ್ಕು, ಲೈಬ್ರರಿಗೆ ಎರಡು, ಅದೂ ಮೇಡಂ ಮುಖ ನೋಡಿ.