ಮೋಟರ್‌ಹೋಮ್ ಪಾವಟಿಗಿ ಮ್ಯಾಲ ಕಾಲಿಡೋಕಿಂತ ಮೊದ್ಲ ಕೆಳಗಿನ ಮಣ್ಣು ನೋಡ್ರಿ, ಹಿಡಿಕಿ ಜಗ್ಗಿ ನೋಡ್ರಿ

ಮೋಟರ್‌ಹೋಮು, ಟ್ರಾವೆಲರ್ ಗಾಡಿಯೊಳಗ ವಯಸ್ಸಾದ ತಂದಿ ತಾಯಿನ್ನ ಕರ್ಕೊಂಡು ಹೋಗೋರು ದಯವಿಟ್ಟು ಇದನ್ನ ಪೂರಾ ಓದ್ರಿ. ನಮ್ಮ ಅವ್ವನ ಬಲಗೈ ಮಣಿಕಟ್ಟು ಮುರದು ಇವತ್ತಿಗೆ ಒಂಬತ್ತು ವಾರ ಆಯ್ತು, ಗಾಡಿ ಓಡುವಾಗಲ್ಲ, ನಿಂತ ಗಾಡಿಯಿಂದ ಇಳಿಯುವಾಗ.

ಅಣ್ಣ ಹೋದ ವರ್ಷ ಹಳೇ ಟ್ರಾವೆಲರ್ ಒಂದು ತಗೊಂಡು ಒಳಗ ಎರಡು ಹಾಸಿಗಿ, ಸಣ್ಣ ಅಡಗಿ ಕಟ್ಟಿ, ಟಾಯ್ಲೆಟ್ ಎಲ್ಲಾ ಮಾಡಿಸ್ದ. ಅವ್ವಗ ಮೊಣಕಾಲ ನೋವು, ಮ್ಯಾಲ ಶುಗರ್ ಬ್ಯಾರೆ, ದಾರ್ಯಾಗ ಬಾತ್‌ರೂಮಿಗಾಗಿ ಒದ್ದಾಡೋದು ತಪ್ಪಲಿ ಅಂತನ ಇಷ್ಟು ಖರ್ಚು ಮಾಡಿದ್ದು. ಪರದೆ ಬಣ್ಣದ ತನಕ ಮನಿಮಂದಿ ಎಲ್ಲಾ ಕೂಡಿ ವಿಚಾರ ಮಾಡಿದ್ವಿ, ಆದ್ರ ಹತ್ತೋದು ಇಳಿಯೋದು ಹೆಂಗ ಅನ್ನೋದನ್ನ ಯಾರೂ ಕೇಳ್ಲಿಲ್ಲ. ಬಾಗಿಲ ಹತ್ರ ಮೊದ್ಲಿದ್ದ ಮೆಟ್ಟಲನ್ನ ಬಾಡಿ ಕಟ್ಟಿದವ್ರು ಮುಚ್ಚಿ ಬ್ಯಾಟರಿ ಡಬ್ಬಿ ಇಟ್ಟುಬಿಟ್ಟಿದ್ರು, ಹಿಂಗಾಗಿ ನೆಲದಿಂದ ಹೊಸ್ತಿಲಕ್ಕ ನೆಟ್ಟಗ ಎರಡು ಫೂಟು ಎತ್ತರ. ಅದಕ್ಕ ಆನ್‌ಲೈನ್‌ನ್ಯಾಗ ಎರಡು ಮೆಟ್ಟಲಿನ ಮಡಚೋ ಅಲ್ಯೂಮಿನಿಯಂ ಪಾವಟಿಗಿ ತರಿಸಿದ್ವಿ, ಮ್ಯಾಲ 150 ಕೆಜಿ ಅಂತ ಸ್ಟಿಕ್ಕರ್ ಅಂಟ್ಸಿದ್ರು, ಅವ್ವ 68 ಕೆಜಿ, ಇನ್ನೇನು ಬೇಕು ಅಂತ ಸುಮ್ನಾದ್ವಿ.

ಬೀದರ್‌ದಾಗ ಎರಡು ದಿನ ಇದ್ವಿ. ಕೋಟೆ ನೋಡಿದ್ವಿ, ಗುರುನಾನಕ ಝೀರಾ ಗುರುದ್ವಾರಕ್ಕ ಹೋದ್ವಿ, ಅವ್ವ ದಿನಕ್ಕ ಹತ್ತು ಸಲ ಹತ್ತಿ ಇಳದ್ಳು, ಏನೂ ಆಗ್ಲಿಲ್ಲ. ಯಾಕ ಆಗ್ಲಿಲ್ಲ ಅನ್ನೋದು ಆಮ್ಯಾಲ ತಿಳೀತು, ಅಲ್ಲಿದು ಕೆಂಪು ಗಟ್ಟಿ ನೆಲ, ಪಾವಟಿಗಿ ಕದಲೋ ಮಾತೇ ಇರ್ಲಿಲ್ಲ. ಅದನ್ನ ನೋಡೇ ನಮಗ ಧೈರ್ಯ ಬಂದಿದ್ದು. ಹುಮನಾಬಾದ್ ಮ್ಯಾಲಿಂದ ಕಲಬುರಗಿ ದಾಟಿ ರಾತ್ರಿ ಗಾಣಗಾಪುರಕ್ಕ ಬಂದು ಸಂಗಮದ ಹತ್ರ ಒಂದು ಬಯಲಿನ ಅಂಚಿಗೆ ಗಾಡಿ ಹಚ್ಚಿದ್ವಿ. ನಮ್ಮ ಕಡಿ ಎರಿ ಮಣ್ಣು ಹೆಂಗ ಅದ ನಿಮಗೆಲ್ಲಾ ಗೊತ್ತೇ ಅದ, ಒಣಗಿದ್ರ ಬಿರುಕು ಬಿಟ್ಟು ಕಲ್ಲಾಗ್ತದ, ತೊಯ್ದ್ರ ಉಬ್ಬಿ ಬೆಣ್ಣಿ ಆಗ್ತದ. ರಾತ್ರಿ ಮಳಿ ಬಂತು.

ಮುಂಜಾನಿ ಅವ್ವ ಭೀಮಾ ಅಮರಜಾ ಸಂಗಮದಾಗ ಸ್ನಾನ ಮಾಡಿ ಆಮ್ಯಾಲ ಮಧುಕರಿ, ಅಂದ್ರ ಹರಕಿ ಭಿಕ್ಷಾ, ಬೇಡಬೇಕು ಅಂತ ಹೆಗಲಿಗೆ ಜೋಳಗಿ ಹಾಕ್ಕೊಂಡು ಬಾಗಿಲಕ್ಕ ಬಂದ್ಳು. ನಾ ಕೆಳಗ ನಾಕು ಹೆಜ್ಜಿ ದೂರ ನಿಂತಿದ್ದೆ. ಮ್ಯಾಲಿನ ಮೆಟ್ಟಲಕ್ಕ ಕಾಲಿಟ್ಟು ಪೂರಾ ಭಾರ ಬಿಟ್ಟಾಗ ಹೊರಗಿನ ಒಂದು ಕಾಲು ಮೂರು ಬಟ್ಟು ಮಣ್ಣಾಗ ಇಳೀತು, ಸಪ್ಪಳ ಸುದ್ದಾ ಆಗ್ಲಿಲ್ಲ, ಪಾವಟಿಗಿ ಓರೆ ಆಯ್ತು. ಅವ್ವ ಬಾಗಿಲ ಬದಿ ಹಿಡಿಕಿ ಗಟ್ಟಿ ಹಿಡದ್ಳು, ಹಿಡದಿದ್ದು ಖರೇ, ಆದ್ರ ಆ ಹಿಡಿಕಿನೇ ಕಿತ್ತು ಅವ್ವನ ಕೈಯಾಗ ಬಂತು. ಬಿದ್ಳು, ಬಲಗೈ ಊರಿ.

ಆ ಹಿಡಿಕಿ ನನ್ನ ಹತ್ರ ಇನ್ನೂ ಅದ. ನಾಕು ಸ್ಕ್ರೂ, ಒಂದೊಂದು ಅರ್ಧ ಇಂಚು, ಸ್ಕ್ರೂ ಸುತ್ತಿನ ಗೆರ್ಯಾಗ ಪ್ಲೈವುಡ್ ಪುಡಿ ಹಂಗೇ ಅಂಟಿಕೊಂಡದ. ಅಂದ್ರ ಸ್ಕ್ರೂ ಗಾಡಿ ಕಬ್ಬಿಣಕ್ಕ ಮುಟ್ಟೇ ಇಲ್ಲ, ಒಳಗಿನ ಅಲಂಕಾರದ ಹಲಗಿಗೆ ಅಷ್ಟೇ ಕಚ್ಚಿತ್ತು. ಬಾಡಿ ಮಾಡಿದವ್ರನ್ನ ಕೇಳಿದ್ರ ‘ಅದು ಬರೇ ಆಸರಕ್ಕರೀ, ಅದರ ಮ್ಯಾಲ ಭಾರ ಹಾಕಬಾರದು’ ಅಂದ್ರು. ಬೀಳೋ ಮನುಷ್ಯಾ ಹಿಡಕೊಂಡಾಗ ಮೈಭಾರ ಎಲ್ಲಾ ಅದರ ಮ್ಯಾಲೇ ಬೀಳ್ತದ, ಅದಕ್ಕಲ್ಲದಿದ್ರ ಹಿಡಿಕಿ ಹಚ್ಚೋದು ಯಾಕ? ಈ ಮಾತಿಗೆ ನನಗ ಇವತ್ತಿಗೂ ಸಿಟ್ಟು ಇಳದಿಲ್ಲ.

ನಾವೂ ಒಂದು ದೊಡ್ಡ ತಪ್ಪು ಮಾಡಿದ್ವಿ, ಗಾಬರ್ಯಾಗ ಅದೇ ಕೈ ಹಿಡದು ಎಬ್ಬಿಸಿದ್ವಿ. ಹಂಗ ಮಾಡಬ್ಯಾಡ್ರಿ. ಪೆಟ್ಟಾದ ಕೈಯನ್ನ ಅಲುಗಾಡಿಸದ ರಟ್ಟಿನ ತುಂಡು ಇಟ್ಟು ಬಟ್ಟಿ ಸುತ್ತಿ ಕುತ್ತಿಗಿಗೆ ಕಟ್ಟ್ರಿ, ಮತ್ತ ಬಳಿ, ಉಂಗುರ ಬಾವು ಬರೋದರೊಳಗ ತಗೀರಿ. ನಾವು ತಗೀಲಿಲ್ಲ, ಕಲಬುರಗಿ ದವಾಖಾನಿಗೆ ಬರೋದರೊಳಗ ಕೈ ಉಬ್ಬಿ ಅವ್ವನ ಮದುವಿ ಕಾಲದ ಪಾಟಲಿ ಕತ್ತರಿಸಬೇಕಾಯ್ತು. ಆರು ವಾರ ಪ್ಲಾಸ್ಟರ್. ಈಗ ಬಿಚ್ಚ್ಯಾರ, ಆದ್ರ ರೊಟ್ಟಿ ಬಡಿಯೋಕ ಕೈ ಇನ್ನೂ ಬಗ್ಗವಲ್ದು, ಮನ್ಯಾಗ ಆ ಸಪ್ಪಳ ಇಲ್ದ ಮುಂಜಾನಿನೇ ಆಗವಲ್ದು.

ಈಗ ಕೆಲಸದ ಮಾತು. ಸ್ಟಿಕ್ಕರ್ ಮ್ಯಾಲಿನ ಕೆಜಿ ನಂಬಿ ಕೂಡಬ್ಯಾಡ್ರಿ, ಅದು ಗಟ್ಟಿ ಸಪಾಟ ನೆಲದ ಮ್ಯಾಲಿನ ಲೆಕ್ಕ, ಅದರ ಮ್ಯಾಲ ಇಳಿಯುವಾಗ ಬೀಳೋ ಪೆಟ್ಟು ನಿಂತ ಭಾರಕ್ಕಿಂತ ಜಾಸ್ತಿ ಇರ್ತದ. ನಮ್ಮ ಪಾವಟಿಗಿ ಕಾಲಿನ ರಬ್ಬರ್ ಟೋಪಿ ಒಂದೊಂದು ರೂಪಾಯಿ ನಾಣ್ಯದಷ್ಟು, ಅಷ್ಟರ ಮ್ಯಾಲ ಇಡೀ ಮನುಷ್ಯಾ ನಿಂತ್ರ ಹಸಿ ಮಣ್ಣಾಗ ಇಳಿಯದ ಏನ್ಮಾಡ್ತದ. ಗಾಡ್ಯಾಗ ಯಾವಾಗ್ಲೂ ಎರಡು ಫೂಟ್ ಎರಡು ಫೂಟಿನ ದಪ್ಪ ಪ್ಲೈ, 18 ಎಂಎಂದು, ಇಟ್ಟುಕೊಳ್ರಿ, ನಾಕೂ ಕಾಲು ಅದರ ಮ್ಯಾಲೇ ಬರಬೇಕು, ಮೊದ್ಲ ಗಟ್ಟಿಮುಟ್ಟು ಇದ್ದವ್ರು ಹತ್ತಿ ತುಳದು ನೋಡ್ಬೇಕು, ಆಮ್ಯಾಲ ಹಿರ್ಯಾರು. ಕೆಲವರು ಶಹಾಬಾದ್ ಫರ್ಸಿ ತುಂಡು ಇಡ್ತಾರ, ನುಣ್ಣಗಿನ ಫರ್ಸಿ ತೊಯ್ದ್ರ ರಬ್ಬರ್ ಜಾರ್ತದ, ಬ್ಯಾಡ. ಇನ್ನೊಂದು, ಇಳಿಯುವಾಗ ನಮ್ಮ ಕಾಲು ಪಾವಟಿಗಿನ್ನ ಹೊರಗ ದೂಡ್ತದ, ಅದಕ್ಕ ಕೊಂಡಿನೋ ಪಟ್ಟಿನೋ ಹಾಕಿ ಗಾಡಿಗೆ ಕಟ್ಟ್ರಿ.

ನಾವೀಗ ವೆಲ್ಡಿಂಗ್ ಅಂಗಡ್ಯಾಗ ಬ್ಯಾರೇನೇ ಮಾಡಿಸೀವಿ. ಎರಡು ಫೂಟನ್ನ ನಾಕು ಸಮ ಪಾಲು ಮಾಡಿ ಮೂರು ಮೆಟ್ಟಲು, ಒಂದೊಂದು ಆರು ಇಂಚು ಎತ್ತರ, ಮೊದ್ಲಿಂದರಾಗ ಎಂಟೆಂಟು ಇಂಚು ಇತ್ತು, ಮೊಣಕಾಲ ನೋವಿದ್ದವ್ರಿಗೆ ಆ ಎರಡು ಇಂಚೇ ಭಾಳ ಆಗ್ತದ. ಹನ್ನೊಂದು ಇಂಚು ಅಗಲ ಅಂದ್ರ ಪೂರಾ ಪಾದ ಕೂಡ್ತದ, ಮ್ಯಾಲ ಜಾರದಂಥ ಉಬ್ಬು ಗೆರಿ ಇದ್ದ ತಗಡು, ಕಾಲಿಗೆ ನಾಕಿಂಚಿನ ಚೌಕ ಪ್ಲೇಟು, ಎರಡೂ ಕಡಿ ಒಂದೂವರೆ ಇಂಚು ದುಂಡು ಪೈಪಿನ ರೇಲಿಂಗು ಸೊಂಟದ ಮಟ್ಟಕ್ಕ, ಅದು ಹೊಸ್ತಿಲ ದಾಟಿ ಮ್ಯಾಲ ತನಕ ಹೋಗ್ಯಾದ, ಯಾಕಂದ್ರ ಅವ್ವ ಒಳಗಿರುವಾಗಲೇ ಕೈಗೆ ಅದು ಸಿಗಬೇಕು. ಭಾರ ಆಗ್ಯಾದ, ಒಬ್ಬರ ಕೈಲೆ ಎತ್ತೋಕ ಆಗಲ್ಲ, ಆಗ್ಲಿ. ಗಾಡಿ ಹಿಡಿಕಿನೂ ಚೌಕಟ್ಟಿನ ಕಬ್ಬಿಣಕ್ಕ ಆರಪಾರ ಬೋಲ್ಟ್ ಹಾಕಿ ಹಿಂದ ಪಟ್ಟಿ ಕೊಟ್ಟು ಹಚ್ಚಿಸೀವಿ, ಅಣ್ಣ ಅದಕ್ಕ ಜೋತುಬಿದ್ದು ನೋಡಿದ ಮ್ಯಾಲೇ ದುಡ್ಡು ಕೊಟ್ಟಿದ್ದು.

ಬಾಗಿಲನ್ನ ಹಿಡಕೊಂಡು ಇಳಿಯೋ ರೂಢಿ ಇದ್ರ ಬಿಡಿಸ್ರಿ, ಗಾಳಿಗೆ ಬಾಗಿಲ ತಿರುಗ್ತದ. ಮುಖ ಗಾಡಿ ಕಡಿ ಮಾಡಿ, ಎರಡೂ ಕೈಲೆ ರೇಲಿಂಗ್ ಹಿಡದು ಹಿಂದ ಹಿಂದಕ ಇಳಿಯೋದು ಚಲೋ, ಕೈಯಾಗ ಚರಗಿ, ಚೀಲ ಏನೂ ಇರಬಾರದು, ಸೀರಿ ನಿರಿಗಿ ಮೊದ್ಲೇ ಎತ್ತಿ ಸಿಗಿಸ್ಕೋಬೇಕು. ಗಾಲಿಗೆ ಕಲ್ಲು ಕೊಟ್ಟೀರೋ ಇಲ್ಲೋ ಅದನ್ನೂ ನೋಡ್ರಿ.

ಪಾವಟಿಗಿ ಅಳತಿ ಎಲ್ಲಾ ಹಾಳಿ ಮ್ಯಾಲ ಬರದಿಟ್ಟೀನಿ, ಮಾಡಿಸೋರು ಕೇಳ್ರಿ ಕೊಡ್ತೀನಿ, ಆದ್ರ ನಿಮ್ಮ ಗಾಡಿ ಹೊಸ್ತಿಲ ಎತ್ತರ ಮೊದ್ಲ ಟೇಪ್ ಹಿಡದು ಅಳದು ಬರ್ರಿ.