ಗೂಗಲ್ ಬಿಸಿನೆಸ್ ಪ್ರೊಫೈಲ್: ಐದಕ್ಕೆ ನಾಲ್ಕು ಸ್ಟಾರ್

ಸಣ್ಣ ವ್ಯಾಪಾರ ಮಾಡೋರು ಆನ್‌ಲೈನ್ ಮಾರ್ಕೆಟಿಂಗ್ ಅಂದ ತಕ್ಷಣ ಏಜೆನ್ಸಿ ಹುಡುಕ್ತಾರೆ, ನಾನೂ ವ್ಯಾಪಾರದವನೇ, ಮೊದ್ಲು ಗೂಗಲ್ ಬಿಸಿನೆಸ್ ಪ್ರೊಫೈಲನ್ನ, ಅಂದ್ರೆ ಗೂಗಲ್ ಸರ್ಚಲ್ಲಿ, ಮ್ಯಾಪಲ್ಲಿ ನಿಮ್ಮ ಅಂಗಡಿ ವಿವರ ತೋರಿಸೋ ಪುಟಾನ, ನೆಟ್ಟಗೆ ಮಾಡ್ಕೊಳ್ಳಿ ಅಂತೀನಿ. 2014ರಲ್ಲಿ ಗೂಗಲ್ ಮೈ ಬಿಸಿನೆಸ್ ಅಂತ ಶುರುವಾಗಿದ್ದು, 2021ರಲ್ಲಿ ಹೆಸರು ಬದಲಾಯ್ತು, ಫ್ರೀ ಅನ್ನೋದು ಮಾತ್ರ ಬದಲಾಗಿಲ್ಲ. ಫೋನ್ ನಂಬರು, ಟೈಮಿಂಗ್, ರಜೆ ದಿನ ಸರಿಯಾಗಿ ಹಾಕಿ, ಬಾಗಿಲು ಹಾಕಿರೋದು ನೋಡಿ ವಾಪಸ್ ಹೋದ ಗಿರಾಕಿ ಮತ್ತೆ ಬರೋದು ಕಷ್ಟ.

"ಮ್ಯಾಪಲ್ಲಿ ನಂಬರ್ ಒನ್ ಮಾಡ್ಕೊಡ್ತೀವಿ" ಅಂತ ಫೋನ್ ಮಾಡೋರನ್ನ ನಂಬಲೇಬೇಡಿ. ಹುಡುಕಿದ್ದಕ್ಕೆ ಎಷ್ಟು ಹೊಂದುತ್ತೆ, ಎಷ್ಟು ದೂರ ಇದೆ, ಎಷ್ಟು ಹೆಸರುವಾಸಿ, ಮುಖ್ಯವಾಗಿ ಈ ಮೂರು ನೋಡ್ತೀವಿ ಅಂತ ಗೂಗಲ್ಲೇ ಹೇಳುತ್ತೆ, ದುಡ್ಡು ಕೊಟ್ಟು ಆ ಜಾಗ ತಗೊಳ್ಳೋಕಾಗಲ್ಲ (ಜಾಹೀರಾತು ಬೇರೆ ವಿಷ್ಯ).

ಇನ್ನು ರಿವ್ಯೂ. ಒಂದು ಸ್ಟಾರ್ ಬಿದ್ರೆ ಹೊಟ್ಟೆ ಉರಿಯುತ್ತೆ, ಆದ್ರೆ ಓನರ್ ಅದನ್ನ ಡಿಲೀಟ್ ಮಾಡೋಕಾಗಲ್ಲ, ನಿಯಮ ಮೀರಿದ್ರೆ ರಿಪೋರ್ಟ್ ಮಾಡ್ಬೋದು ಅಷ್ಟೇ, ತೆಗೆಯೋದು ಬಿಡೋದು ಗೂಗಲ್‌ಗೆ ಬಿಟ್ಟಿದ್ದು. ಅದಕ್ಕೇ ಉತ್ತರ ಬರೀರಿ, ಬೈದೋರಿಗೋಸ್ಕರ ಅಲ್ಲ, ನಾಳೆ ಬಂದು ಓದೋರಿಗೋಸ್ಕರ, ಅವ್ರು ನೋಡೋದು ನೀವು ಹೆಂಗೆ ಮಾತಾಡ್ತೀರ ಅಂತ. ಕೆಲವು ಓನರ್‌ಗಳು ಅಲ್ಲೇ ಪಂಚೆ ಎತ್ತಿಕಟ್ಟಿ ಜಗಳಕ್ಕೆ ನಿಂತ್ಬಿಡ್ತಾರೆ ಪಾಪ! ಡಿಸ್ಕೌಂಟ್ ಕೊಟ್ಟು ರಿವ್ಯೂ ಬರೆಸೋದೂ ನಿಯಮಕ್ಕೆ ವಿರುದ್ಧ, ಸಾಲಾಗಿ ಬರೀ ಐದು ಸ್ಟಾರ್ ಇದ್ರೆ ನನಗಂತೂ ಡೌಟು.

ಒಂದು ಸ್ಟಾರ್ ಕಟ್ ಮಾಡಿದ್ದು ಯಾಕೆ ಅಂದ್ರೆ, ಇದರಲ್ಲೇ ಮಾಡ್ಕೊಬೋದಾಗಿದ್ದ ಫ್ರೀ ವೆಬ್‌ಸೈಟು, ಚಾಟು ಎರಡನ್ನೂ 2024ರಲ್ಲಿ ನಿಲ್ಲಿಸಿಬಿಟ್ರು, ನಾಳೆ ಇನ್ನೇನು ನಿಲ್ಲಿಸ್ತಾರೋ ಗೊತ್ತಿಲ್ಲ, ಹಂಗಾಗಿ ಗಿರಾಕಿಗಳ ನಂಬರ್ ನಿಮ್ಮ ಹತ್ರಾನೂ ಒಂದು ಕಡೆ ಬರ್ದಿಟ್ಕೊಳ್ಳಿ, ಅವರನ್ನ ಕೇಳ್ಕೊಂಡು.